ಅವ್ವನ ತಲೆಸುತ್ತಿಗೆ ಮೂರು ಮದ್ದು

ತಲೆ ಸುತ್ತುತ್ತದೆ ಎಂದು ನಮ್ಮ ಕಡೆ ಯಾರ ಮುಂದೆಯೂ ಬಾಯಿಬಿಡಬಾರದು. ಬಿಟ್ಟಿರೋ, ಆಮೇಲೆ ನಿಮ್ಮ ತಲೆ ನಿಮ್ಮದಲ್ಲ. ಮೊನ್ನೆ ಕೊಳ್ಳೇಗಾಲದಲ್ಲಿ ಯಳಂದೂರಿನ ಬಸ್ಸು ಹತ್ತಿ, ಕಿಟಕಿಯ ಕಂಬಿಗೆ ಹಣೆಯೊರಗಿಸಿ ಒಂದು ಗಳಿಗೆ ಕಣ್ಣು ಮುಚ್ಚಿದ್ದೆ, ಅಷ್ಟೆ. ಪಕ್ಕದಲ್ಲಿದ್ದ ಹೆಂಗಸು ಮಡಿಲಿನಿಂದ ನಿಂಬೆಹಣ್ಣೊಂದನ್ನು ತೆಗೆದು ನನ್ನ ಅಂಗೈಗೆ ತುರುಕಿದಳು. "ಉಗುರಲ್ಲಿ ಗೀರಿ ಮೂಸ್ರವ್ವ, ಸರೋಯ್ತದ." ಹಿಂದಿನ ಸೀಟಿನ ಮುದುಕರು ಬಗ್ಗಿ, "ನಿಂಬೆಣ್ಣು ಪಿತ್ತಕ್ಕ. ವಾಯಿಗ ಜೀರ್ಗನೇ ಆಗ್ಬೇಕು" ಎಂದು ತಿದ್ದಿದರು. ಒಬ್ಬಾಕೆ ಹುಣಸೆಹಣ್ಣು ಎಂದಳು, ಇನ್ನೊಬ್ಬಾಕೆ ಅಂಗಾಲಿಗೆ ಹರಳೆಣ್ಣೆ ಎಂದಳು. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಮುಂದ್ಗಡ ಸೀಟ್ ಬುಟ್ಕೊಡ್ರಿ ಅವ್ರಿಗ" ಎಂದು ಅಪ್ಪಣೆ ಮಾಡಿದ. ಬಸ್ಸು ಇನ್ನೂ ಹೊರಟೇ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ತಲೆ ಸುತ್ತಿರಲಿಲ್ಲ, ನಿದ್ದೆ ಬಂದಿತ್ತು.

ಆದರೂ ಗೀರಿ ಮೂಸಿದೆ. ಕೊಟ್ಟವಳು ನನ್ನ ಮೂಗನ್ನೇ ನೋಡುತ್ತಿದ್ದಳು. "ಈಗ ವಾಸಿನಾ?" ಎಂದಳು. "ವಾಸಿ" ಎಂದೆ. ಅವಳು ಬಸ್ಸಿಗೆಲ್ಲ ಕೇಳುವಂತೆ "ನೋಡುದ್ರಾ!" ಎಂದಳು. ನಮ್ಮ ಸೀಮೆಯಲ್ಲಿ ಮದ್ದಿಗೆ ಸಾಕ್ಷಿ ಹುಟ್ಟುವುದು ಹೀಗೆ.

ನನಗೆ ಬಸ್ಸಿನ ತಲೆಸುತ್ತು ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಮೊದಲ ಸಲ ಮೈಸೂರಿಗೆ ಓದಲು ಹೊರಟಾಗ ಬಸ್ಸುಗಳಿಗೆ ಪೆಟ್ರೋಲಿರಲಿಲ್ಲ, ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂಬದಿಗೆ ಒಲೆಯಂಥ ಒಂದು ಕಬ್ಬಿಣದ ಪೀಪಾಯಿ. ಕ್ಲೀನರ್ ಅದರ ಹಿಡಿ ತಿರುಗಿಸಿ ಗಾಳಿ ಹಾಕಿ ಹಾಕಿ ಬೆವೆತು ನೀರಾದ ಮೇಲೆ ಬಸ್ಸು ಗೊರಗೊರ ಎನ್ನುತ್ತಿತ್ತು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಹೊಗೆ ಹೊರಗೆ ಹೋಗುವ ಬದಲು ಒಳಗೇ ಬರುತ್ತಿತ್ತು. ಹನೂರಿನ ಅಜ್ಜಿ, ಅಂದರೆ ಅವ್ವನ ತಾಯಿ, ಕಟ್ಟಿಕೊಟ್ಟಿದ್ದ ಒಣಶುಂಠಿಯ ಚೂರನ್ನು ದವಡೆಗೆ ಒತ್ತಿಕೊಂಡೇ ನಾನು ನರಸೀಪುರದ ಹತ್ತಿರ ವಾಂತಿ ಮಾಡಿಕೊಂಡೆ, ಹೊಸ ಸೀರೆಯ ಮೇಲೆ. ಶುಂಠಿಯದು ತಪ್ಪೋ, ಇದ್ದಿಲಿನದು ತಪ್ಪೋ, ಊರು ಬಿಟ್ಟ ದುಃಖದ್ದು ತಪ್ಪೋ ಎಂದು ಆಗ ಕೇಳಿಕೊಳ್ಳಲಿಲ್ಲ. ಹಾಗೆ ಕೇಳಬೇಕೆಂದು ಕಲಿಯಲು ನಾಲ್ಕು ವರ್ಷ ಓದಬೇಕಾಯಿತು. ಓದಿದ ಮೇಲೂ ಕಲಿತಿರಲಿಲ್ಲ ಎನ್ನುವುದೇ ನಾನೀಗ ಹೇಳಹೊರಟಿರುವ ವಿಷಯ.

ನಮ್ಮ ವಂಶದಲ್ಲಿ ಪದವಿ ಎನ್ನುವುದನ್ನು ಮೊದಲು ಕಂಡವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಧುವನಹಳ್ಳಿಯಿಂದ ಕೊಳ್ಳೇಗಾಲದ ಹೈಸ್ಕೂಲಿಗೆ ನಡೆದವಳು ನಾನು, ದಾರಿಯುದ್ದಕ್ಕೂ "ಮದ್ವ ಮಾಡ್ದೆ ಇಸ್ಕೂಲ್ಗ ಕಳುಸ್ತಾವ್ರ" ಎನ್ನಿಸಿಕೊಂಡವಳು ನಾನು, ರಸಾಯನಶಾಸ್ತ್ರದಲ್ಲಿ ಒಂದು ಸಲ ಡುಮ್ಕಿ ಹೊಡೆದು ಮತ್ತೆ ಕಟ್ಟಿ ಪಾಸು ಮಾಡಿದವಳೂ ನಾನೇ. ಆದ್ದರಿಂದ ಬಿ.ಎಸ್ಸಿ. ಎಂಬ ಮೂರಕ್ಷರ ಸಿಕ್ಕಾಗ ಅದು ಎಲ್ಲ ಬೀಗಕ್ಕೂ ಹೊಂದುವ ಬೀಗದಕೈ ಎಂದೇ ನಂಬಿದ್ದೆ. ಮೊದಲು ತೆಗೆಯಹೋದ ಬೀಗ ಅವ್ವನ ತಲೆಸುತ್ತು.

ಅವ್ವ ನಮ್ಮ ಮನೆಯ ಹುಳದ ಒಡತಿ. ಊರಿನ ಬಹಳ ಮನೆಗಳಂತೆ ನಮ್ಮದರಲ್ಲೂ ರೇಷ್ಮೆ. ಹಿತ್ತಿಲ ಕಡೆಗೆ ಒಂದು ಉದ್ದನೆಯ ಕೋಣೆ, ಅದೇ ಹುಳದ ಮನೆ. ಅಲ್ಲಿ ಬಿದಿರ ತಟ್ಟೆಗಳನ್ನು ಅಂತಸ್ತು ಅಂತಸ್ತಾಗಿ ಜೋಡಿಸಿದ ಸ್ಟ್ಯಾಂಡುಗಳು, ಇರುವೆ ಹತ್ತದಂತೆ ಅವುಗಳ ಕಾಲಿಗೆ ನೀರಿನ ಬಟ್ಟಲು. ಸಾಸಿವೆಗಿಂತ ಸಣ್ಣ ಮೊಟ್ಟೆಯಿಂದ ಮರಿ ಹೊರಟ ದಿನದಿಂದ ಗೂಡು ಕಟ್ಟುವ ದಿನದವರೆಗೆ ಸುಮಾರು ಒಂದು ತಿಂಗಳು, ಅಂದರೆ ಒಂದು ಬೆಳೆಯ ಕಾಲ, ಅವುಗಳಿಗೆ ಹಿಪ್ಪುನೇರಳೆ ಸೊಪ್ಪು ಉಣ್ಣಿಸುತ್ತಲೇ ಇರಬೇಕು. ನಡುವೆ ನಾಲ್ಕು ಸಲ ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಹೊಸದು ತೊಡುವ ಹೊತ್ತು ಅದು. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಬರುವ ಹಸಿವಿದೆಯಲ್ಲ, ಅದನ್ನು ನೋಡಿದವರೇ ಬಲ್ಲರು.

ಹುಳದ ಮನೆಗೆ ಇದ್ದಷ್ಟು ಕಟ್ಟಳೆ ನಮ್ಮ ದೇವರ ಮನೆಗೂ ಇರಲಿಲ್ಲ. ಹುಳಕ್ಕೆ ವಾಸನೆ ಆಗದು ಎಂದು ಬೆಳೆಯ ತಿಂಗಳಲ್ಲಿ ಮನೆಯೊಳಗೆ ಒಗ್ಗರಣೆ ಇಲ್ಲ, ಬೆಳ್ಳುಳ್ಳಿ ಇಲ್ಲ. ಮನೆಯ ಯಜಮಾನರಾದ ದೊಡ್ಡಪ್ಪನೇ ಬೀಡಿ ಸೇದಲು ಹೊಲಕ್ಕೆ ನಡೆಯಬೇಕು. ಮಕ್ಕಳಾಗಿದ್ದಾಗ ನಾವು ದಿನ ಎಣಿಸುತ್ತಿದ್ದುದು ಹಬ್ಬಕ್ಕಲ್ಲ, ಗೂಡು ಬಿಡಿಸುವ ದಿನಕ್ಕೆ. ಅಂದು ಸಂಜೆ ಬಾಣಲೆಯಲ್ಲಿ ಸಾಸಿವೆ ಚಟಪಟ ಎಂದರೆ ಬೀದಿಯಲ್ಲಿ ಆಡುತ್ತಿದ್ದವರೆಲ್ಲ ಬಿಟ್ಟುಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ತಿನ್ನಲಿಕ್ಕಲ್ಲ, ಆ ಸದ್ದು ಕೇಳಲಿಕ್ಕೆ.

ಇನ್ನೊಂದು ಕಟ್ಟಳೆ ನಮ್ಮ ಮನೆಯದೇ, ದೊಡ್ಡಪ್ಪನ ಅಪ್ಪನ ಕಾಲದ್ದು. ಉಂಡ ಬಾಯಿ, ಉಂಡ ಕೈ ಹುಳದ ಮನೆಗೆ ಹೋಗಕೂಡದು. ಉಂಡರೆ ಮತ್ತೆ ಮಿಂದು, ಸೀರೆ ಬದಲಾಯಿಸಿ ಒಳಗೆ ಕಾಲಿಡಬೇಕು. ಇದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಕೇಳಿ ಕೇಳಿ, ಕೇಳಿಸದೇ ಹೋಗಿತ್ತು.

ನಾನು ಕೊನೆಯ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದ ವರ್ಷ, ನಾಲ್ಕನೇ ಜ್ವರ ಕಳೆದು ಹುಳ ಭರ್ತಿ ಮೇಯುತ್ತಿದ್ದ ಒಂದು ಮಧ್ಯಾಹ್ನ, ಅವ್ವ ಕೂತಲ್ಲಿಂದ ಎದ್ದವಳು ಹಾಗೇ ವಾಲಿ ಸ್ಟ್ಯಾಂಡಿನ ಮೇಲೆ ಬಿದ್ದಳು. ಮೂರು ತಟ್ಟೆ ಹುಳ ನೆಲದ ಪಾಲಾಯಿತು. ಅವಳ ಹುಬ್ಬಿನ ಮೇಲೆ ಗಾಯ. ಅಪ್ಪ ಹೊಲದಿಂದ ಓಡಿಬಂದು ಅರಿಸಿನ ಒತ್ತಿದ. ದೊಡ್ಡಪ್ಪ ನಡುಮನೆಯಲ್ಲೇ ನಿಂತರು. ಭಾವನಾದವರು ತಮ್ಮನ ಹೆಂಡತಿಯೊಡನೆ ನೇರ ಮಾತಾಡುವ ರೂಢಿ ನಮ್ಮಲ್ಲಿಲ್ಲ, ಎಲ್ಲ ಮಾತೂ ನಡುವೆ ಒಬ್ಬರ ಮೂಲಕ. ಆ ಒಬ್ಬಳು ನಾನು.

"ಮಾದೇವಿ, ನಿಮ್ಮವ್ವುಂಗ ಯೋಳಮ್ಮಿ. ಮುಂದ್ಲ ಬೆಳಗ ಬ್ಯಾಡ. ನನ್ ಸೊಸ ನೋಡ್ಕತಾಳ."

ಹೇಳಬೇಕಾದ್ದೇ ಇರಲಿಲ್ಲ. ಅವ್ವ ಬಾಗಿಲ ಮರೆಯಲ್ಲೇ ಇದ್ದಳು.

ಇದರಲ್ಲಿ ಹೋಗುತ್ತಿದ್ದುದೇನು ಎಂದು ಪರವೂರವರಿಗೆ ಹೇಳಬೇಕು. ಮೊಟ್ಟೆಯಿಂದ ಹೊರಟ ಮರಿಯನ್ನು ಕೋಳಿಪುಕ್ಕದಲ್ಲಿ ತಟ್ಟೆಗೆ ಇಳಿಸುವುದಕ್ಕೆ ಕೈಗುಣ ಬೇಕು ಎಂದು ನಮ್ಮವರ ನಂಬಿಕೆ. ಅವ್ವನ ಕೈಗುಣ ಸುತ್ತಿನ ನಾಲ್ಕು ಊರಿಗೆ ಗೊತ್ತಿತ್ತು. ಬೇರೆ ಮನೆಯವರೂ ಅವಳನ್ನು ಕರೆದೊಯ್ದು ಮೊದಲ ತಟ್ಟೆ ಅವಳಿಂದಲೇ ಮಾಡಿಸುತ್ತಿದ್ದರು. ಓದು ಬಾರದ, ಪೇಟೆ ಕಾಣದ, ಗಂಡನ ಅಣ್ಣನೆದುರು ದನಿಯೆತ್ತದ ಹೆಂಗಸಿಗೆ ಊರಲ್ಲಿ ಒಂದು ಹೆಸರಿದ್ದರೆ ಅದು ಆ ಕೈಯಿಂದ. ಬಿದ್ದ ಮೇಲೆ ಒಬ್ಬರೂ ಕರೆಯಲಿಲ್ಲ. ಅವ್ವ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂರತೊಡಗಿದಳು. ಆ ಕೈಗಳು ಸುಮ್ಮನಿರುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನೋಡಿದ ದಿನವೇ ನಿಶ್ಚಯಿಸಿದೆ: ಈ ತಲೆಸುತ್ತನ್ನು ನಿಲ್ಲಿಸಿಯೇ ತೀರುತ್ತೇನೆ, ಮುಂದಿನ ಬೆಳೆಯೂ ಅವ್ವನ ಕೈಯಲ್ಲೇ ಆಗುತ್ತದೆ.

ದೊಡ್ಡಪ್ಪನೆದುರು ಹೋಗಿ ನಿಂತೆ. "ಇನ್ನೊಂದ್ ಬೆಳೆ ಅವ್ವುನ್ ಕೈಲೇ ಬುಡಿ ದೊಡ್ಡಪ್ಪ. ಮದ್ದು ನಾನು ಮಾಡ್ತೀನಿ."

"ನೀನೇನು ಡಾಕ್ಟ್ರಾ?"

"ಬಿ.ಎಸ್ಸಿ."

"ಅದು ಯಾವ ರೋಗುಕ್ಕ?"

ದೊಡ್ಡಪ್ಪ ಒಳ್ಳೆಯ ಮನುಷ್ಯ. ನನ್ನನ್ನು ಓದಿಸುವುದು ಬೇಡ ಎಂದು ಊರೆಲ್ಲ ಅಂದಾಗ ಸುಮ್ಮನಿದ್ದದ್ದೇ ಅವರು ನನಗೆ ಮಾಡಿದ ಉಪಕಾರ. ಮೀಸೆ ನೀವಿ ಅಂದರು: "ಉಳ ಗೂಡು ಕಟ್ಟಾ ಗಂಟ ನೋಡ್ತೀನಿ. ಆ ವಮ್ಮ ಗ್ವಾಡ ಇಡ್ಕಂಡು ನಿಂತುದ್ದ ಕಂಡ್ನಾ, ಅವತ್ಗೇ ಮುಗೀತು."

ಮದ್ದು ಹುಡುಕುವುದು ಕಷ್ಟವಾಗಲಿಲ್ಲ, ಆಯ್ದುಕೊಳ್ಳುವುದು ಕಷ್ಟವಾಯಿತು. ಹನೂರಿನ ಅಜ್ಜಿಯದು ಕೊತ್ತಂಬರಿ ಬೀಜ ಮತ್ತು ಒಣನೆಲ್ಲಿಚಟ್ಟು. ಎರಡನ್ನೂ ಜಜ್ಜಿ ಹಿಂದಿನ ಸಂಜೆ ನೆನೆಹಾಕಿ, ಬೆಳಿಗ್ಗೆ ಸೋಸಿ, ಕಲ್ಲುಸಕ್ಕರೆ ಹಾಕಿ ಬರಿಹೊಟ್ಟೆಗೆ ಕುಡಿಯಬೇಕು. "ನಿಮ್ ತಾತುಂಗ ಇದ್ರಲ್ಲೇ ನಿಂತದ್ದು" ಎಂದಳು ಅಜ್ಜಿ. ತಾತ ತೀರಿಕೊಂಡೇ ಬಹಳ ವರ್ಷವಾಗಿದ್ದರಿಂದ ಅಡ್ಡಪ್ರಶ್ನೆಗೆ ಅವಕಾಶವಿರಲಿಲ್ಲ. ಎರಡನೆಯದು ತಮಿಳು ಗಡಿಯ ಪಾಲಾರ್ ಕಡೆಯಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದಿದ್ದ ಪೊನ್ನಮ್ಮನದು. ಒಣಶುಂಠಿಗೆ ಅವಳು ಸುಕ್ಕು ಎನ್ನುತ್ತಿದ್ದಳು, ನನ್ನನ್ನು ಅಕ್ಕರೆಯಿಂದ ಕಣ್ಣು ಎನ್ನುತ್ತಿದ್ದಳು. "ಸುಕ್ಕು ತಟ್ಟಿ ಬೆಲ್ಲ ಆಕಿ ಕಾಯಿಸ್ಕೊಡು ಕಣ್ಣು, ಮಲೆ ಅತ್ತುವಾಗ ನಮ್ಮೂರ್ಲಿ ಎಲ್ರೂ ಕುಡಿತಾರೆ."

ಮೂರನೆಯದಕ್ಕೆ ಯಳಂದೂರಿನ ಸಂತೆಗೆ ಹೋದೆ. ಬೆಟ್ಟದಿಂದ ಇಳಿದುಬಂದ ಸೋಲಿಗರ ಹೆಂಗಸೊಬ್ಬಳು ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರಿನ ಕಂತೆ ಇಟ್ಟುಕೊಂಡು ಕೂತಿದ್ದಳು. ಆ ಬೇರಿನ ಘಾಟು ನಿಮಗೆ ಗೊತ್ತೇ ಇರಬೇಕು. ಇಷ್ಟವಾದವರಿಗೆ ಸುಗಂಧ, ಆಗದವರಿಗೆ ತಿಗಣೆಯ ನಾತ. ತಲೆಸುತ್ತಿಗೆ ಇದರ ಪಾನಕ ಆಗುತ್ತದೆಯೇ ಎಂದು ಕೇಳಿದೆ. ಅವಳು ಬೇರು ಕೊಡುವ ಮೊದಲು ನನ್ನನ್ನೇ ಕೇಳಿದಳು: "ಯಾರ್ಗವ್ವ? ಕೂತೋರು ಏಳುವಾಗ್ಲಾ, ಎದ್ದು ನಡ್ಯುವಾಗ್ಲಾ? ಒಟ್ಟಗ ಏನ್ ಕೂಳು ಬಿದ್ದಿರ್ತದ ಆವಾಗ?" ನನಗೆ ಬಸ್ಸಿನ ಅವಸರ. ಮಾತು ಬೆಳೆಸಿ ಬೇರು ಹೆಚ್ಚು ಮಾರುವ ಉಪಾಯವಿರಬೇಕು ಎಂದುಕೊಂಡೆ. ಬೇರು ತೆಗೆದುಕೊಂಡು ಬಂದೆ, ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಂದೆ.

ಬೆಳೆ ಶುರುವಾಯಿತು. ಕಾಲೇಜಿನ ಪ್ರಯೋಗದ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಿಗೆ ಗೆರೆ ಹೊಡೆದೆ. ದಿನ, ಮದ್ದು, ಕುಡಿದ ಹೊತ್ತು, ಸುತ್ತಿದ ಸಲ, ಹೀಗೆ ನಾಲ್ಕು ಕಾಲಂ. ಒಂದನೇ ಜ್ವರದವರೆಗೆ ಅಜ್ಜಿಯ ನೆಲ್ಲಿ, ಎರಡನೆಯದರವರೆಗೆ ಪೊನ್ನಮ್ಮನ ಸುಕ್ಕು, ಮೂರನೆಯದರವರೆಗೆ ಮಾಕಳಿ ಎಂದು ಹಂಚಿದೆ. ವಾಸನೆಯ ಮದ್ದಾದ್ದರಿಂದ ಬೆಳಗಿನ ಸ್ನಾನಕ್ಕೆ ಮುಂಚೆ, ಹಿತ್ತಿಲ ಹೊಂಗೆಮರದ ಕೆಳಗೆ ಕುಡಿಸುವುದು. "ಬರಿ ಹೊಟ್ಟೇಲಿ ಕುಡೀಬೇಕು ಅವ್ವ, ನೆನಪಿರ್ಲಿ" ಎಂದೆ.

"ಎಷ್ಟ್ ಸಲ ಸುತ್ತು ಬಂತು?" ಎಂದು ಮೊದಲ ದಿನ ಸಂಜೆ ಕೇಳಿದೆ.

"ಸುತ್ತುವಾಗ ಎಣುಸ್ಲಾ, ಉಳ ನೋಡ್ಲಾ?"

ಅದೂ ಸರಿ. ಹುಳದ ಮನೆಯ ಗೋಡೆಗೂಡಿನಲ್ಲಿ ಒಂದು ಬಟ್ಟಲು, ಒಂದು ಹಿಡಿ ಅವರೆಕಾಳು ಇಟ್ಟೆ. ಒಂದು ಸಲ ತಲೆ ಸುತ್ತಿದರೆ ಬಟ್ಟಲಿಗೆ ಒಂದು ಕಾಳು. ಸಂಜೆ ಎಣಿಸಿ ಬರೆದು ಬಟ್ಟಲು ಬರಿದು ಮಾಡುವುದು ನನ್ನ ಕೆಲಸ. ಅವ್ವನಿಗೆ ಈ ಆಟ ಹಿಡಿಸಿತು. ಆದರೆ ಹೆಸರಿನ ಬಗ್ಗೆ ತಕರಾರು. "ಸುತ್ತಲ್ಲ ಕನಮ್ಮಿ ನಂದು. ಪೊನ್ನಮ್ಮುಂದು ಸುತ್ತು, ಮನ ಗೋಡ ಎಲ್ಲಾ ಗಿರ್ರಂತ ತಿರುಗ್ತದಂತ. ನಂಗ ಏನೂ ತಿರುಗಾದಿಲ್ಲ. ಏಳ್ತಿದ್ದಂಗ ಕಣ್ ಕತ್ಲ ಬತ್ತದ, ಅಷ್ಟೇಯ." ನಾನು ಎರಡಕ್ಕೂ ಒಂದೇ ಶೀರ್ಷಿಕೆ ಕೊಟ್ಟು 'ತಲೆಸುತ್ತು' ಎಂದು ಬರೆದೆ. ರೋಗವನ್ನು ಅನುಭವಿಸುವವಳ ಮಾತಿಗಿಂತ ಕಾಲಂ ಕಿರಿದಾಗಿತ್ತು.

ಫಲಿತಾಂಶ ಬೆರಗಾಗುವಂತೆ ಬಂತು. ನೆಲ್ಲಿ ಕುಡಿದ ಮೊದಲ ದಿನಗಳಲ್ಲಿ ದಿನವೂ ಬಟ್ಟಲಲ್ಲಿ ಕಾಳು, ಜ್ವರದ ದಿನ ಬಟ್ಟಲು ಬರಿದು. ಸುಕ್ಕಿಗೂ ಅದೇ: ಮೊದಲೆಲ್ಲ ಕಾಳು, ಕೊನೆಗೆ ಬರಿದು. ನಾನು ಯೋಚಿಸಿ, ಗೆರೆ ಎಳೆದು, ತೀರ್ಮಾನ ಬರೆದೆ: 'ಮದ್ದು ಮೈಗೆ ಹತ್ತಲು ಕೆಲವು ದಿನ ಬೇಕು. ಹತ್ತಿದ ದಿನ ತಲೆಸುತ್ತು ನಿಲ್ಲುತ್ತದೆ.' ಇಂಗ್ಲಿಷಿನಲ್ಲಿ ಬರೆದಿದ್ದೆ, ಎಂದಾದರೂ ಪತ್ರಿಕೆಗೆ ಕಳಿಸಬಹುದು ಎಂದು. ನೋಡಲು ಬಂದಿದ್ದ ಅಜ್ಜಿಗೆ ಕನ್ನಡದಲ್ಲಿ ವಿವರಿಸಿದೆ. "ಓದ್ದೋಳು ಯೋಳುದ್ ಮ್ಯಾಲ ಮುಗೀತು" ಎಂದಳು. ಅದನ್ನು ಹೊಗಳಿಕೆ ಎಂದೇ ತಿಳಿದೆ.

ಮಾಕಳಿಯ ಸರದಿಯಲ್ಲಿ ಕಾಳು ಹೆಚ್ಚಾಯಿತು. ಜ್ವರದ ದಿನ ಮತ್ತೆ ಬರಿದಾಯಿತೇನೋ ನಿಜ, ಆದರೆ ಹುಳ ಎದ್ದ ಮಾರನೆಯ ದಿನದಿಂದ ಇನ್ನೂ ಹೆಚ್ಚು. ನಾಲ್ಕನೇ ಜ್ವರ ಹತ್ತಿರವಾಗುತ್ತಿತ್ತು. ಒಂದು ಸಲ ಅವ್ವ ಎದ್ದವಳು ಬಾಗಿಲ ಚೌಕಟ್ಟು ಹಿಡಿದಳು. ದೊಡ್ಡಪ್ಪ ಅಂಗಳದಲ್ಲಿ ಬೆನ್ನು ತಿರುಗಿಸಿ ಕೂತಿದ್ದರು, ಕಾಣಲಿಲ್ಲ. ಅವ್ವ ನನ್ನನ್ನು ನೋಡಿ, ಬಾಯಿಬಿಡಬೇಡ ಎಂಬಂತೆ ತಲೆಯಾಡಿಸಿ, ಕಾಳಿನ ಹಿಡಿಯಿಂದ ಒಂದನ್ನು ತೆಗೆದು ಬಟ್ಟಲಿಗೆ ಹಾಕಿದಳು. ಅಷ್ಟು ಪ್ರಾಮಾಣಿಕಳು.

ಆ ಮಧ್ಯಾಹ್ನ ಎಮ್ಮೆಗೆ ಕಲಗಚ್ಚು ಕುಡಿಸಲು ಹೋದೆ. ಬಾನಿಯಲ್ಲಿ ಒಂದು ಇಡೀ ರಾಗಿಮುದ್ದೆ ತೇಲುತ್ತಿತ್ತು. ಮುರಿದದ್ದಲ್ಲ, ಎಂಜಲಲ್ಲ, ಬಟ್ಟಲಲ್ಲಿ ಹೊರಳಿಸಿದ ದುಂಡು ಹಾಗೇ ಇತ್ತು. ಎಮ್ಮೆ ನನ್ನೆದುರೇ ಅದನ್ನು ಒಂದೇ ತುತ್ತಿಗೆ ಮುಗಿಸಿತು, ದಿನವೂ ಅಭ್ಯಾಸವಿದ್ದಂತೆ.

"ಅವ್ವಾ, ಇದ್ಯಾರ್ ಮುದ್ದೆ?"

"ನಂದೇ ಕನ."

"ಯಾಕ ಉಣ್ಲಿಲ್ಲ?"

"ಉಂಡ್ರ ಮೀಬೇಕು, ಸೀರ ಬದ್ಲಾಯಿಸ್ಬೇಕು. ಬರಾ ಒತ್ಗ ಉಳ ಸೊಪ್ಪು ಮುಗ್ಸಿ ನನ್ ದಾರಿ ನೋಡ್ತಿರ್ತಾವ. ಸಂಜ್ಗ ಉಣ್ತೀನಲ್ಲ. ಎಮ್ಮನಾರ ಉಣ್ಲಿ ಅಂತ ಆಕ್ದಿ."

"ಬೆಳಿಗ್ಗೆ ತಂಗಳು ಉಣ್ತಿದ್ದಲ್ಲ ನೀನು?"

"ನೀನೇ ಅಂದಲ್ಲಮ್ಮಿ, ಮದ್ದುಗ ಬರಿ ಒಟ್ಟ ಇರ್ಬೇಕು ಅಂತ."

"ಕುಡಿಯೋವಾಗ ಬರಿ ಹೊಟ್ಟೆ ಅಂದೆ!"

"ಎಷ್ಟೊತ್ತು ಅಂತ ನೀ ಯೋಳ್ನಿಲ್ಲ. ಓದ್ದೋಳು ಕೊಟ್ಟ ಮದ್ದು ಕೆಡ್ಬಾರ್ದು ಅಂತ ನಾನು ತಂಗ್ಳೂ ಉಣ್ಣಾದ್ ಬುಟ್ಟಿ."

ನಾನು ಬಾನಿಯ ಪಕ್ಕ ಕೂತುಬಿಟ್ಟೆ. ನೋಟ್‌ಬುಕ್ ತರಿಸಿಕೊಳ್ಳಬೇಕಾದ್ದೂ ಇರಲಿಲ್ಲ, ಅದು ಬಾಯಿಪಾಠವಾಗಿತ್ತು. ಹುಳ ಮೇಯುವ ದಿನ ಅವ್ವನಿಗೆ ಕಣ್ಣು ಕತ್ತಲೆ. ಹುಳ ಜ್ವರಕ್ಕೆ ಕೂತು ಸೊಪ್ಪು ಬಿಟ್ಟ ದಿನ ಅವ್ವನಿಗೆ ಕೆಲಸವಿಲ್ಲ. ಆ ದಿನ ಮಿಂದು, ಮೂರು ಹೊತ್ತು ಉಂಡು, ಒಂದು ಗಳಿಗೆ ಮಲಗುತ್ತಾಳೆ, ಬಟ್ಟಲು ಬರಿದಾಗುತ್ತದೆ. ಮದ್ದು ಮೈಗೆ ಹತ್ತಿದ ದಿನವಲ್ಲ ಅದು, ಅನ್ನ ಹತ್ತಿದ ದಿನ. ನಾಲ್ಕು ಕಾಲಂ ಹೊಡೆದ ಪದವೀಧರೆ 'ಏನು ಉಂಡೆ' ಎಂಬ ಐದನೆಯದನ್ನು ಹೊಡೆದಿರಲಿಲ್ಲ. ಸಂತೆಯ ನೆಲದ ಮೇಲೆ ಕೂತಿದ್ದವಳು ಅದನ್ನೇ ಮೊದಲು ಕೇಳಿದ್ದಳು. ಅದಕ್ಕಿಂತ ನಾಚಿಕೆಯ ಸಂಗತಿ ಎಂದರೆ, ಇದ್ದ ಒಂದು ತುತ್ತು ತಂಗಳನ್ನೂ ನನ್ನ ಮದ್ದು ಅವಳಿಂದ ಕಿತ್ತುಕೊಂಡಿತ್ತು.

ಅತ್ತು ಕೂರುವ ಹೊತ್ತಲ್ಲ. ನಾಡಿದ್ದು ನಾಲ್ಕನೇ ಜ್ವರ. ಅದು ಕಳೆದರೆ ಹುಳಕ್ಕೆ ಬಿಡುವಿಲ್ಲದ ಹಸಿವು, ಅವ್ವನಿಗೆ ಬಿಡುವಿಲ್ಲದ ಉಪವಾಸ. ತೆಳ್ಳಗೆ ರಾಗಿ ಅಂಬಲಿ ಕಾಯಿಸಿದೆ. ಮಜ್ಜಿಗೆ ಬೆರೆಸಲಿಲ್ಲ, ಈರುಳ್ಳಿ ಹಾಕಲಿಲ್ಲ, ಉಪ್ಪು ಮಾತ್ರ. ಚೆಂಬಿನಲ್ಲಿ ತುಂಬಿ ದೊಡ್ಡಪ್ಪನೆದುರು ಇಟ್ಟೆ.

"ಅವ್ವ ಇದುನ್ನ ಹುಳದ್ ಮನೆ ಹೊಸ್ತಿಲಲ್ಲಿ ನಿಂತ್ಕಂಡು ಕುಡೀಲಿ ದೊಡ್ಡಪ್ಪ. ಮೀಯೋದು ಬ್ಯಾಡ, ಸೀರೆ ಬದ್ಲಾಯ್ಸೋದು ಬ್ಯಾಡ. ಬಾಯಿ ಮುಕ್ಕಳಿಸಿ ಒಳಗ ಹೋಗ್ಲಿ."

"ನಮ್ಮಪ್ಪುನ್ ಕಾಲ್ದಿಂದ್ಲೂ ಇಲ್ದುದ್ದು. ಉಳುಕ್ಕ ವಾಸ್ನ ಆಗಲ್ಲ ಕನಮ್ಮಿ. ಒಂದು ಮುಸುಡಿ ತಿರುಗಿಸ್ತು ಅಂದ್ರ ಇಡೀ ತಟ್ಟನೇ ಓಯ್ತದ."

"ತಿರುಗಿಸ್ತದಾ ಇಲ್ವಾ ಅಂತ ಹುಳನೇ ಕೇಳಣ."

ದೊಡ್ಡಪ್ಪ ನನ್ನ ಬಿ.ಎಸ್ಸಿ.ಯನ್ನು ನಂಬುವವರಲ್ಲ, ಅಜ್ಜಿಯ ಮದ್ದನ್ನೂ ನಂಬುವವರಲ್ಲ, ಆದರೆ ಹುಳವನ್ನು ನಂಬುತ್ತಿದ್ದರು. ಜ್ವರ ಕಳೆದು ಹುಳ ಎದ್ದ ಬೆಳಿಗ್ಗೆ, ಅವರೇ ಆರಿಸಿದ ಒಂದು ತಟ್ಟೆಯನ್ನು ಹೊರಗಿನ ಕೋಣೆಗೆ ತಂದು ಪಕ್ಕದಲ್ಲೇ ಅಂಬಲಿಯ ಚೆಂಬನ್ನಿಟ್ಟೆವು. ಎದುರು ಗೋಡೆಗೆ, ಚೆಂಬಿಲ್ಲದ ಇನ್ನೊಂದು ತಟ್ಟೆ. ಎರಡಕ್ಕೂ ಅವ್ವ ಒಂದೇ ಅಳತೆಯ ಸೊಪ್ಪು ಹಾಸಿದಳು. ನಾವು ಕೂತೆವು. ಸ್ವಲ್ಪ ಹೊತ್ತಿಗೆ ಎರಡು ತಟ್ಟೆಯಿಂದಲೂ ಆ ಸದ್ದು ಎದ್ದಿತು, ಒಣಗಿದ ತರಗಿನ ಮೇಲೆ ಸಣ್ಣ ಹನಿ ಬಿದ್ದಂತೆ ಸರಸರ. ದೊಡ್ಡಪ್ಪ ಒಂದಕ್ಕೆ ಕಿವಿಯಿಟ್ಟರು, ಇನ್ನೊಂದಕ್ಕೆ ಕಿವಿಯಿಟ್ಟರು. ಮೊಣಕಾಲೂರಿ ಚೆಂಬಿನೊಳಗೆ ಮೂಗು ಹಾಕಿ ಉಸಿರೆಳೆದರು. ಆಮೇಲೆ ಏನು ತೋಚಿತೋ, ಎತ್ತಿ ಒಂದು ಗುಟುಕು ಕುಡಿದರು.

"ಉಪ್ ಕಮ್ಮಿ ಆಗದ" ಅಂದರು. "ಕುಡೀಲಿ. ಆದ್ರ ಸಾರುಗೀರು ತಂದೀಯ ಮತ್ತ!"

ಮುಂದಿನ ದಿನಗಳಲ್ಲಿ ಹೊತ್ತುಹೊತ್ತಿಗೆ ಚೆಂಬು ಹಿಡಿದು ಹೊಸ್ತಿಲಲ್ಲಿ ನಿಂತೆ. ಮದ್ದೆಲ್ಲ ನಿಲ್ಲಿಸಿದ್ದೆ. ಬಟ್ಟಲಿನ ಕಾಳು ಒಂದೇ ದಿನಕ್ಕೆ ಮಾಯವಾಯಿತೆಂದು ಬರೆದರೆ ಕತೆಗೆ ಚೆನ್ನ, ಆದರೆ ಆಗಲಿಲ್ಲ. ಕಡಿಮೆಯಾಯಿತು, ಒಂದು ದಿನ ಮತ್ತೆ ಏರಿತು, ಆಮೇಲೆ ಇಳಿಯುತ್ತ ಹೋಯಿತು. ಹುಳ ಹಣ್ಣಾಗಿ ಮೈ ಹೊಳೆಯತೊಡಗಿದ ದಿನ ಅವ್ವ ಬೆಳಗಿನಿಂದ ಬೈಗಿನವರೆಗೆ ಬಗ್ಗಿ ಎದ್ದು, ಬಗ್ಗಿ ಎದ್ದು, ಒಂದೊಂದೇ ಹುಳ ಆರಿಸಿ ಚಂದ್ರಿಕೆಗೆ ಬಿಟ್ಟಳು. ಚಂದ್ರಿಕೆ ಎಂದರೆ ಗೂಡು ಕಟ್ಟಲು ಬಿದಿರಿನ ದಬ್ಬೆಯನ್ನು ಸುರುಳಿ ಸುರುಳಿಯಾಗಿ ಸುತ್ತಿದ ದೊಡ್ಡ ಚಾಪೆ, ನೋಡಿದರೆ ನನಗೇ ತಲೆ ತಿರುಗಬೇಕು. ದೊಡ್ಡಪ್ಪ ಹಗ್ಗ ಹೊಸೆಯುವ ನೆಪದಲ್ಲಿ ಇಡೀ ದಿನ ಬಾಗಿಲೆದುರು ಕೂತಿದ್ದರು. ಅವ್ವ ಗೋಡೆ ಮುಟ್ಟಲಿಲ್ಲ.

ಹಾಗಾದರೆ ಮದ್ದುಗಳು ಸುಳ್ಳೇ ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ, ಮತ್ತು ಗೊತ್ತಿಲ್ಲ ಎಂದು ಹೇಳುವ ಧೈರ್ಯವೇ ನನ್ನ ಪದವಿಯಿಂದ ನನಗೆ ದಕ್ಕಿದ್ದು. ಹಸಿದವಳಿಗೆ ನೆಲ್ಲಿ ಕೊಟ್ಟು, ನೆಲ್ಲಿ ಕೆಲಸಕ್ಕೆ ಬಾರದು ಎನ್ನುವುದು ನೆಲ್ಲಿಗೆ ಮಾಡುವ ಅನ್ಯಾಯ. ಶುಂಠಿ ದವಡೆಯಲ್ಲಿದ್ದರೆ ಬಸ್ಸಿನಲ್ಲಿ ನನ್ನ ಹೊಟ್ಟೆ ತೊಳಸುವುದು ಈಗ ಕಡಿಮೆ. ಆದರೆ ಈಗ ಇದ್ದಿಲೂ ಇಲ್ಲ. ಕಣ್ಣು ಕತ್ತಲೆ ಬೇರೆ, ಗಿರ್ರನೆ ತಿರುಗುವುದು ಬೇರೆ, ಬಸ್ಸಿನದು ಬೇರೆ. ಮೂರಕ್ಕೂ ಒಂದೇ ಚೆಂಬು ಹಿಡಿಯುವ ಮೊದಲು ಯಾವುದು ಎಂದು ಕೇಳಿ, ಉಂಡೆಯಾ ಎಂದು ಕೇಳಿ. ಉಂಡರೂ ನಿಲ್ಲದಿದ್ದರೆ, ಬಿದ್ದರೆ, ಆಸ್ಪತ್ರೆಗೆ ನಡೆಯಿರಿ.

ಇಷ್ಟೆಲ್ಲ ಮಾಡಿದ ಮೇಲೆ ಅವ್ವ ಬಾವಿಕಟ್ಟೆಯಲ್ಲಿ ಏನು ಹೇಳುತ್ತಿದ್ದಳು ಗೊತ್ತೇ? "ನಮ್ಮವ್ವುನ್ ನೆಲ್ಲಿ ಮದ್ದಲ್ಲಿ ನಿಂತೋಯ್ತು." ನನಗೆ ಮೈ ಉರಿಯಿತು. ಕೊಡ ಹೊತ್ತು ಬರುವಾಗ ದಾರಿಯಲ್ಲೇ ಜಗಳ ತೆಗೆದೆ. "ನಿಂತದ್ದು ಅಂಬಲೀಲಿ ಕಣವ್ವ! ಯಾಕ ಸುಳ್ ಯೋಳ್ತೀಯ?"

"ಮೆತ್ತಗ ಮಾತಾಡಮ್ಮಿ. ಅಂಬ್ಲೀಲಿ ನಿಂತದ ಅಂದ್ರ, ಇಷ್ಟ್ ದಿನ ಉಣ್ಣಾಕ ಇಲ್ದೆ ಬಿದ್ದಳು ಅಂತ ಆಯ್ತದ. ಮನ ಮರ್ವಾದಿ ಏನಾದದು? ನಿಮ್ ದೊಡ್ಡಪ್ಪ ತಲೆತ್ಕಂಡ್ ತಿರುಗ್ಬೇಕಾ ಬ್ಯಾಡ್ವಾ?"

ಮನೆಯ ಮರ್ಯಾದೆಯನ್ನು ನಾನು ಬೀದಿಗೆ ತರಲಿಲ್ಲ. ಆದರೆ ಸುಮ್ಮನಿರುವುದೂ ಸಾಧ್ಯವಿರಲಿಲ್ಲ. ಬೇರೆ ಮನೆಗಳಲ್ಲೂ ಬೇರೆ ಬೇರೆ ಕಟ್ಟಳೆಗಳಿದ್ದವು, ಹುಳದ ಹೆಂಗಸರು ಅಲ್ಲೂ ಗೋಡೆ ಹಿಡಿಯುತ್ತಿದ್ದರು. ಅಜ್ಜಿಯ ಮದ್ದು ಕೇಳಿಕೊಂಡು ಅವರು ಬರತೊಡಗಿದಾಗ ನಾನೇ ನೆಲ್ಲಿ ಜಜ್ಜಿ ಕೊಟ್ಟೆ. ಕೊಡುವಾಗ ಕಟ್ಟುನಿಟ್ಟಾಗಿ ಹೇಳುತ್ತಿದ್ದೆ: "ಇದುಕ್ಕ ಪಥ್ಯ ಅದ. ಕುಡ್ದು ಒಂದ್ಗಳಿಗೆಗ ತಂಗಳು ಉಣ್ಬೇಕು, ಹೊತ್ತುಹೊತ್ಗ ಅಂಬಲಿ ಕುಡೀಬೇಕು. ಪಥ್ಯ ತಪ್ಪುದ್ರ ಮದ್ದು ತಿರುಗಿ ಹೊಡೀತದ." ಉಣ್ಣು ಎಂದರೆ ಯಾರೂ ಉಣ್ಣುತ್ತಿರಲಿಲ್ಲ. ಪಥ್ಯ ಎಂದರೆ ಒಬ್ಬರೂ ತಪ್ಪಿಸಲಿಲ್ಲ. ಇದು ವಿಜ್ಞಾನವಲ್ಲ, ಒಪ್ಪುತ್ತೇನೆ. ಹಿಂಜರಿಕೆಯೂ ಇಲ್ಲ.

ಗೂಡು ಬಿಡಿಸಿ, ಕೋಣೆ ಸಾರಿಸಿ, ಹದಿನೈದು ದಿನ ಕಳೆದಿರಬೇಕು. ಮುಂದಿನ ಬೆಳೆಯ ಮಾತನ್ನು ದೊಡ್ಡಪ್ಪ ಎತ್ತಿರಲಿಲ್ಲ. ಅವ್ವ ಕೇಳುವವಳಲ್ಲ. ಒಂದು ಮಧ್ಯಾಹ್ನ ದೊಡ್ಡಪ್ಪ ಅಂಗಳಕ್ಕೆ ಬಂದು ನಿಂತರು. ಎರಡು ಕೈಯಲ್ಲೂ ಒದ್ದೆ ಬಟ್ಟೆಯಲ್ಲಿ ಸುತ್ತಿದ, ರೇಷ್ಮೆ ಮೊಟ್ಟೆ ಅಂಟಿದ ಹಾಳೆಗಳು. ಅವರ ಸೊಸೆ ಜಗಲಿಯಲ್ಲೇ ಅಕ್ಕಿ ಕೇರುತ್ತಿದ್ದಳು, ಅವಳ ಕಡೆ ಅವರು ತಿರುಗಲಿಲ್ಲ.

"ಮಾದೇವಿ, ನಿಮ್ಮವ್ವ ಉಂಡ್ಳಾ ಕೇಳಮ್ಮಿ."

ಆ ಮನೆಯಲ್ಲಿ ನಾನು ಆ ಪ್ರಶ್ನೆಯನ್ನು ಗಂಡಸರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಬಾಗಿಲ ಮರೆಯಿಂದ ಅವ್ವ ಅವಸರದಲ್ಲಿ, "ಉಂಡಿವ್ನಿ ಅನ್ನಮ್ಮಿ, ಉಂಡಿವ್ನಿ ಅನ್ನು" ಎಂದು ಪಿಸುಗುಟ್ಟಿದಳು. ಕೈ ಆಗಲೇ ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು.

"ಇಲ್ಲ ದೊಡ್ಡಪ್ಪ," ಎಂದೆ. "ಇನ್ನೂ ಉಂಡಿಲ್ಲ."

"ಉಣ್ಣಾಕ ಯೋಳು. ನಾ ಇಲ್ಲೇ ನಿಂತಿರ್ತೀನಿ."

ಅವ್ವ ನನ್ನನ್ನು ಕೊಲ್ಲುವಂತೆ ನೋಡಿ ಒಲೆಯ ಮುಂದೆ ಕೂತಳು. ನಾನು ಮುದ್ದೆ ಇಟ್ಟು ಸಾರು ಬಿಟ್ಟೆ. ಅವಳು ಗಬಗಬನೆ ಮುರಿದು ನುಂಗುತ್ತಿದ್ದರೆ ಅಂಗಳದಿಂದ ದನಿ ಬಂತು: "ನಿದಾನುಕ್ಕ ಉಣ್ಣಾಕ ಯೋಳಮ್ಮಿ. ಇದ್ರೊಳಗಿರವು ಎಲ್ಗೂ ಓಗಲ್ಲ."

ಅವ್ವನ ಕೈ ಅರೆಗಳಿಗೆ ತಡೆಯಿತು. ಆಮೇಲೆ ಸಾರಿನಲ್ಲಿ ಮುದ್ದೆಯನ್ನು ಸಾವಕಾಶವಾಗಿ ಅದ್ದಿ ಅದ್ದಿ ಉಂಡಳು. ಹೊರಗೆ ದೊಡ್ಡಪ್ಪ ಮೊಟ್ಟೆಯ ಹಾಳೆ ಹಿಡಿದ ಕೈ ಇಳಿಸದೆ ನಿಂತೇ ಇದ್ದರು. ತಟ್ಟೆ ಬರಿದಾಯಿತು. ಎದ್ದಾಳು ಎಂದು ನಾನು ಕೈತೊಳೆಯುವ ನೀರು ತಂದೆ.

ಅವ್ವ ಏಳಲಿಲ್ಲ. ತಟ್ಟೆಯನ್ನು ನನ್ನ ಕಡೆಗೆ ಸರಿಸಿ, "ಇನ್ನೊಂದ್ ಮುದ್ದ ಇಕ್ಕು" ಎಂದಳು.